ಎರಡನೆಯ ಬೆಕ್ಕಿನ ಅರ್ಜಿ

ಪೆಟ್ಟಿಗೆಯ ಒಳಗಿನ ಬಿಳಿ ಬಟ್ಟೆಯನ್ನು ಅವಳು ಅರ್ಧ ಕಿತ್ತು ಹಾಕಿದ್ದಳು. ಅಷ್ಟರಲ್ಲಿ ಮೈದುನ ಬಂದು ಬಾಗಿಲಲ್ಲೇ ನಿಂತುಬಿಟ್ಟ.

"ಅತ್ತಿಗೆ, ಏನಿದು? ಹನ್ನೊಂದಕ್ಕೆ ಗಾಡಿ ಬರುತ್ತೆ!"

"ಬರಲಿ. ಇನ್ನೂ ಒಂಬತ್ತು."

"ಅಂಗಡಿಯವರು ಮಾಡಿ ಕಳಿಸಿರೋ ಹೊಸಾ ಪೆಟ್ಟಿಗೆ ಅದು."

"ಹೊಸದಾದ್ರೇನು, ಕೆಲಸ ನೋಡು." ಅವಳು ಬಟ್ಟೆಯ ತುದಿ ಹಿಡಿದು ಜಗ್ಗಿದಳು. ಪರ್ರೆಂದು ಬಿಟ್ಟುಕೊಂಡಿತು. "ಗೋಂದು. ಒಂದು ಮೊಳೆ ಇಲ್ಲ, ಒಂದು ಹೊಲಿಗೆ ಇಲ್ಲ. ಮೂಲೇಲಿ ಹೇಗೆ ಸುಕ್ಕು ಬಿದ್ದಿದೆ ನೋಡು. ಮೂವತ್ತೊಂದು ವರ್ಷ ಸೋಫಾ ಕಟ್ಟಿದವನನ್ನ ಇದರಲ್ಲಿ ಮಲಗಿಸ್ತೀಯಾ?"

"ಮಣ್ಣಿನ ಕೆಳಗೆ ಯಾರು ನೋಡ್ತಾರೆ ಅತ್ತಿಗೆ?"

"ನಾನು ನೋಡಿ ಆಯ್ತಲ್ಲ."

ಮೈದುನ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿ ಅವನಿಗೆ ಯಾವ ಕೆಲಸವಾದರೂ ಅರ್ಧ ನಿಮಿಷದಲ್ಲಿ ಮುಗಿಯಬೇಕು ಎಂಬ ಭಾವನೆ ಬಂದುಬಿಟ್ಟಿತ್ತು. ಅಣ್ಣ ಸತ್ತದ್ದು ಮಂಗಳವಾರ, ಇವತ್ತು ಗುರುವಾರ. ಅಷ್ಟೇ ಬಹಳ ತಡವಾಯಿತೆಂದು ಅವನು ಎರಡು ಸಲ ಹೇಳಿಯಾಗಿತ್ತು.

ಅವಳು ಕಪಾಟಿನಿಂದ ಹತ್ತಿಯ ಹಾಸು ತಂದು ಪೆಟ್ಟಿಗೆಯ ತಳಕ್ಕೆ ಹಾಸಿದಳು, ತಲೆಯ ಕಡೆ ಇನ್ನೊಂದು ಪದರ ಕೊಟ್ಟಳು, ಹಸ್ತದಿಂದ ಒತ್ತಿ ನೋಡಿದಳು. ಕತ್ತರಿಗೆಂದು ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಬೆಕ್ಕು ಪೆಟ್ಟಿಗೆಯೊಳಗಿತ್ತು.

ಅದು ದೊಡ್ಡ ತಳಿಯ ಬೆಕ್ಕು. ಕುತ್ತಿಗೆಗೆ ಸಿಂಹದಂಥ ಕೂದಲು, ಕಿವಿಯ ತುದಿಯಲ್ಲಿ ಕುಚ್ಚು, ಪೊರಕೆಯಂಥ ಬಾಲ. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಮೀಟರಿಗೆ ನಾಲ್ಕು ಬೆರಳು ಕಡಿಮೆ; ಸತ್ತವನೇ ಟೇಪು ಹಿಡಿದು ಅಳೆದಿದ್ದ. ಹೊಸ ಹತ್ತಿ ಎಲ್ಲಿ ಹಾಸಿದರೂ ಅದಕ್ಕೆ ತಿಳಿಯುತ್ತಿತ್ತು. ಮೂರು ದಿನದಿಂದ ಅದು ಏನನ್ನೂ ತಿಂದಿರಲಿಲ್ಲ. ಈಗ ಅರ್ಧ ಪೆಟ್ಟಿಗೆ ತುಂಬಿಕೊಂಡು ಮಲಗಿ, ಗಲ್ಲವನ್ನು ಅಂಚಿನ ಮೇಲೆ ಇಟ್ಟು, ಅವಳನ್ನೇ ನೋಡಿತು.

"ಇದಕ್ಕೂ ಜಾಗ ಸಾಕಾಗುತ್ತೆ ಅತ್ತಿಗೆ, ಒಟ್ಟಿಗೇ ಕಳಿಸಿಬಿಡೋಣ" ಎಂದ ಮೈದುನ. ಅಂದು ನಕ್ಕ. ನಕ್ಕದ್ದು ತಪ್ಪಾಯಿತು ಎಂದು ಕೆಮ್ಮಿದ.

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬೆಕ್ಕಿನ ಕಂಕುಳಿಗೆ ಕೈ ಹಾಕಿ ಎತ್ತಿ, ಭಾರಕ್ಕೆ ಒಮ್ಮೆ ತಿಣುಕಿ, ನೆಲಕ್ಕೆ ಬಿಟ್ಟಳು. ಹನ್ನೊಂದು ಕಿಲೋ ನೆಲಕ್ಕೆ ಬಿದ್ದ ಸದ್ದು ಮುಂದಿನ ಕೋಣೆಯವರೆಗೂ ಕೇಳಿಸಿತು. ಬೆಕ್ಕು ಅಲ್ಲಿದ್ದ ಸೋಫಾದ ಕೆಳಗೆ ನುಸುಳಿತು.

ಮುಂದಿನ ಕೋಣೆಯಲ್ಲಿ ಹೆಣವನ್ನು ಹಲಗೆಯ ಮೇಲೆ ಮಲಗಿಸಿದ್ದರು. ಹತ್ತು ಹದಿನೈದು ಜನ ಗೋಡೆಗೆ ಒರಗಿ ಕೂತಿದ್ದರು. ಅವರು ಕೂತಿದ್ದ ಕುರ್ಚಿಗಳನ್ನೆಲ್ಲ ಸತ್ತವನೇ ಕಟ್ಟಿದ್ದು. ಅದನ್ನು ಯಾರೋ ಒಬ್ಬರು ನೆನೆದ ಮೇಲೆ ಎಲ್ಲರೂ ಸ್ವಲ್ಪ ನೆಟ್ಟಗೆ ಕೂತರು.

"ಮೂವತ್ತು ವರ್ಷದಿಂದ ಪಕ್ಕದ ಅಂಗಡಿ ನಂದು," ಎಂದ ಬೀಗದ ರಿಪೇರಿಯವನು. "ಮೊಳೆಬಾಯಿ ಅಂತಲೇ ಇವನನ್ನ ಕರೀತಿದ್ವಿ. ನನ್ನ ಹತ್ರ ಒಟ್ಟು ಇಪ್ಪತ್ತು ಮಾತಾಡಿರಬಹುದು. ಅದರಲ್ಲಿ ಹತ್ತು 'ಹೂಂ'."

"ಹೆಂಡತಿ ಹತ್ರ?"

"ಅವರಿಬ್ಬರ ಮಾತನ್ನೂ ಆಕೆಯೇ ಆಡಿ ಮುಗಿಸ್ತಿದ್ರು. ಪುಣ್ಯಾತ್ಮನಿಗೆ ಬಾಯಿ ತೆರೆಯೋ ಅವಕಾಶ ಎಲ್ಲಿ?"

"ಬೆಕ್ಕಿನ ಹತ್ರ ಮಾತ್ರ ಚೆನ್ನಾಗೇ ಮಾತಾಡ್ತಿದ್ರು," ಎಂದಳು ಓರಗಿತ್ತಿ, ಲಿಫ್ಟಿನವನ ಹೆಂಡತಿ. ಬಂದವರಿಗೆ ನೀರು ಕೊಡುವುದು, ಚಪ್ಪಲಿ ಸಾಲಾಗಿಡುವುದು, ಯಾರು ಬಂದರು ಯಾರು ಬರಲಿಲ್ಲ ಎಂದು ನೆನಪಿಡುವುದು ಬೆಳಗಿನಿಂದ ಅವಳ ಕೆಲಸ. "ನಾನೇ ಕಿವಿಯಾರೆ ಕೇಳಿದೀನಿ. ಇವತ್ತು ಸೊಂಟ ನೋವು ಕಣೋ, ನಿಂಗೆ ಹೇಗಿದೆ ಅಂತ."

"ಈಗ ಅದರ ಗತಿ ಏನು? ನೀವು ತಗೊಂಡು ಹೋಗ್ತೀರಾ?"

"ಅಯ್ಯೋ, ನಮ್ಮನೇಲಿ ಆಗಲ್ಲಪ್ಪ. ಕೂದಲು ಅಂದ್ರೆ ಇವರಿಗೆ ಸೀನು."

ಇವರು ಎಂದರೆ ಲಿಫ್ಟಿನವನು. ಅವನಿಗೆ ಕೂದಲಿನಿಂದ ಎಂದೂ ಸೀನು ಬಂದಿರಲಿಲ್ಲ, ಆದರೂ ಮೂಗು ಒರೆಸಿಕೊಂಡ. ಬೀಗದವನು ತನ್ನ ಅಂಗಡಿ ಇಕ್ಕಟ್ಟು ಎಂದ. ಇನ್ನೊಬ್ಬರು ಇಂಥ ಬೆಕ್ಕು ಯಜಮಾನ ಸತ್ತರೆ ತಾನೂ ಸಾಯುತ್ತದಂತೆ, ಎಂದು ಸಮಾಧಾನದ ದನಿಯಲ್ಲಿ ಹೇಳಿದರು. ಎಲ್ಲರಿಗೂ ಆ ಮಾತು ಹಿಡಿಸಿತು.

* * *

ಸೋಫಾ ಕಟ್ಟುವವರಲ್ಲಿ ಹಳಬರು ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ. ಹಾಗಾಗಿ ಮೂವತ್ತು ನಲವತ್ತು ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತಿರುಗಿಸಿ ತುಟಿಗೆ ತರುತ್ತಾರೆ. ಸುತ್ತಿಗೆಯ ತುದಿಯ ಅಯಸ್ಕಾಂತ ಅದನ್ನು ಕಚ್ಚಿಕೊಳ್ಳುತ್ತದೆ. ಟಕ್, ಟಕ್, ಮುಂದಿನದು. ಈಗ ಪಿನ್ನು ಹೊಡೆಯುವ ಯಂತ್ರ ಬಂದಿದೆ, ಎಲ್ಲರೂ ಅದನ್ನೇ ಹಿಡಿದಿದ್ದಾರೆ. ಅವನು ಹಿಡಿಯಲಿಲ್ಲ. ಯಂತ್ರ ಕೊಂಡರೆ ಬಾಯಿ ಖಾಲಿಯಾಗುತ್ತದೆ, ಖಾಲಿಯಾದರೆ ಮಾತಾಡಬೇಕಾಗುತ್ತದೆ ಎಂಬ ಹೆದರಿಕೆ ಅವನಿಗೆ ಇದ್ದಿರಬಹುದು.

ಹೊಲಿಗೆ ಅವಳದು. ಮದುವೆಯಾಗಿ ಬಂದ ಮೂರನೆಯ ದಿನ ಅವನು ಮೇಜಿನ ಆ ಬದಿಗೆ ಅವಳಿಗೊಂದು ಸ್ಟೂಲು ಹಾಕಿದ. ಅಂದಿನಿಂದ ಅವಳು ಅಲ್ಲೇ. ಅವನು ಒಂದು ಬೆರಳು ಎತ್ತಿದರೆ ಕತ್ತರಿ, ಎರಡು ಎತ್ತಿದರೆ ಸೀಮೆಸುಣ್ಣ, ಹಸ್ತ ತೋರಿಸಿದರೆ ಬಟ್ಟೆ ಜಗ್ಗು ಎಂದು ಅರ್ಥ. ಕೆಲಸ ಸರಿಯಾಯಿತು ಎನ್ನಲು ಯಾವ ಬೆರಳೂ ಇರಲಿಲ್ಲ. ಅವಳು ಮೊದಮೊದಲು ಕೇಳುತ್ತಿದ್ದಳು, ಹೇಗಿದೆ ಎಂದು. ಅವನು ಬಾಯಿ ತೋರಿಸುತ್ತಿದ್ದ, ಮೊಳೆ ಇದೆ ಎಂದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳಕ್ಕೆ ಇಬ್ಬರು ಬೇಕಲ್ಲ. ಇಲ್ಲಿ ಅವಳೊಬ್ಬಳೇ ಆಡುತ್ತಿದ್ದಳು, ಆಡಿ ಅವಳೊಬ್ಬಳೇ ಸೋಲುತ್ತಿದ್ದಳು. ಮಕ್ಕಳಾಗಲಿಲ್ಲ. ಅದಕ್ಕೆ ಯಾರು ಕಾರಣ ಎಂದು ತಿಳಿಯಲು ಡಾಕ್ಟರ ಹತ್ತಿರ ಹೋಗೋಣ ಅಂದಳು. ಅವನು ಬಾಯಿ ತೋರಿಸಿದ. ಅವತ್ತು ಬಾಯಲ್ಲಿ ಏನೂ ಇರಲಿಲ್ಲ.

ಆರು ವರ್ಷದ ಹಿಂದೆ ದೊಡ್ಡ ಮನೆಯೊಂದರಿಂದ ಮೂರು ಸೀಟಿನ ಸೋಫಾ ಬಂತು. ಜೊತೆಗೆ ಬೆಕ್ಕೂ ಬಂತು. ಸೋಫಾ ಬಿಟ್ಟು ಇಳಿಯುವುದಿಲ್ಲ, ಎರಡು ದಿನ ಅಲ್ಲೇ ಇರಲಿ, ಎಂದು ಆ ಮನೆಯಾಕೆ ಹೇಳಿ ಹೋದಳು. ಎರಡು ದಿನವಾದ ಮೇಲೆ ಸೋಫಾ ಒಯ್ಯಲು ಆಳುಗಳನ್ನು ಕಳಿಸಿದಳು, ಬೆಕ್ಕನ್ನು ಕೇಳಲಿಲ್ಲ. ಫೋನು ಮಾಡಿದರೆ, ಹೊಸ ಬಟ್ಟೆಯ ಮೇಲೆ ಉಗುರು ಹಾಕುತ್ತದೆ, ನೀವೇ ಇಟ್ಟುಕೊಳ್ಳಿ, ಎಂದಳು. ಸೋಫಾ ಕಟ್ಟುವವನಿಗೆ ಬೆಕ್ಕು ಕೊಡುವುದು ಗಾಜಿನಂಗಡಿಯವನಿಗೆ ಗೂಳಿ ಕೊಟ್ಟ ಹಾಗೆ. ಅವಳು ಆ ಸಂಜೆಯೇ ಅದನ್ನು ಸಂತೆಬೀದಿಯಲ್ಲಿ ಬಿಟ್ಟು ಬರಲು ಹೊರಟಳು.

ಅವನು ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದ. "ಇರಲಿ," ಎಂದ.

ಕೆಲಸದ ನಡುವೆ ಅವನು ಮೊಳೆ ಉಗುಳಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅವಳಿಗೆ ಜ್ವರ ಬಂದು ಬಿದ್ದಾಗಲೂ ಉಗುಳಿರಲಿಲ್ಲ.

* * *

ಎರಡನೆಯ ಬೆಕ್ಕಿನ ಮಾತು ಬಂದದ್ದು ಈ ವರ್ಷ. ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಾ ಹೇಳಿದ.

"ಇನ್ನೊಂದು ತರೋಣ ಅಂತ."

"ಏನು?"

"ಬೆಕ್ಕು. ಇಂಥದೇ. ದೊಡ್ಡದು. ಇದಕ್ಕೆ ವಯಸ್ಸಾಯ್ತು, ಒಂಟಿ ಅನ್ನಿಸುತ್ತೆ."

ಅವನ ಬಾಯಿಂದ ಅಷ್ಟು ದೊಡ್ಡ ಮಾತು ಕೇಳಿ ಎಷ್ಟು ತಿಂಗಳಾಗಿತ್ತೋ. ಅವಳಿಗೆ ಖುಷಿಯಾಗಬೇಕಿತ್ತು, ಹೊಟ್ಟೆ ಉರಿಯಿತು. ಒಂಟಿ ಅನ್ನಿಸುತ್ತೆ! ಮೂವತ್ತೊಂದು ವರ್ಷ ಮೇಜಿನ ಆ ಬದಿಗೆ ಕೂತವಳಿಗೆ ಏನನ್ನಿಸುತ್ತೆ ಎಂದು ಒಮ್ಮೆ ಕೇಳಿದ್ದನೆ?

"ಇರೋದೇ ಕರು ಹಾಗಿದೆ," ಎಂದಳು. "ಒಂದು ಸಾಯಲಿ, ಆಮೇಲೆ ನೋಡೋಣ."

ಅವನು ತಲೆ ಎತ್ತಿದ. "ಯಾವುದು ಒಂದು?"

ಅವನು ತಮಾಷೆ ಮಾಡುವವನಲ್ಲ. ಆದರೂ ಅವಳು ನಕ್ಕಳು. "ಮನೇಲಿ ಮೂರು ಜೀವ ಇದೀವಿ. ಯಾವುದಾದ್ರೂ ಆಗಬಹುದು." ಮಾರನೆಯ ದಿನ ಬೀಗದವನಿಗೂ ಇದನ್ನು ಹೇಳಿ ನಗಿಸಿದಳು.

ಅವನು ಮತ್ತೆ ಆ ಮಾತೆತ್ತಲಿಲ್ಲ. ಆಮೇಲೆ ಪ್ರತಿ ಗುರುವಾರ ಮಧ್ಯಾಹ್ನ ಸ್ಪಂಜು ನೋಡಿಕೊಂಡು ಬರುತ್ತೇನೆ ಎಂದು ಹೋಗಿ, ಬರಿಗೈಯಲ್ಲಿ ಬರುತ್ತಿದ್ದ. ಸ್ಪಂಜು ಚೆನ್ನಾಗಿರಲಿಲ್ಲ ಎಂದು ಅವಳು ತಿಳಿದಳು.

ಮಂಗಳವಾರ ಅವಳು ತರಕಾರಿ ತಂದು ಒಳಗೆ ಬಂದಾಗ ಅವನು ಗಿರಾಕಿಯೊಬ್ಬರ ಸೋಫಾದ ಮೇಲೆ ಅಂಗಾತ ಮಲಗಿದ್ದ. ಎದೆಯ ಮೇಲೆ ಬೆಕ್ಕು ಕೂತಿತ್ತು. "ಇಳಿ, ಇಳಿ ಕೆಳಗೆ! ಗಿರಾಕಿಯ ಸೋಫಾ ಅದು!" ಎಂದು ಅವಳು ಕೂಗಿದಳು. ಅವನು ಸತ್ತ ಮೇಲೆ ಆ ಮನೆಯಲ್ಲಿ ಆಡಿದ ಮೊದಲ ಮಾತು ಅದು, ಆಡಿದ್ದು ಬೆಕ್ಕಿಗೆ.

* * *

ಹತ್ತು ಗಂಟೆಯ ಹೊತ್ತಿಗೆ ಪೆಟ್ಟಿಗೆಯ ಒಂದು ಬದಿ ಮುಗಿದಿತ್ತು. ಮೈದುನನನ್ನು ಅವಳು ಹೊರಗೆ ಕಳಿಸಿದ್ದಳು. ಬಾಗಿದ ಸೂಜಿ ಹಿಡಿದು ಎರಡನೆಯ ಬದಿ ಹೊಲಿಯುತ್ತಿದ್ದಾಗ ಓಣಿಯ ಕಡೆಯ ಬಾಗಿಲು, ಅಂದರೆ ಅಂಗಡಿಯ ಬಾಗಿಲು, ಸದ್ದಾಯಿತು. ದುಃಖಕ್ಕೆ ಬಂದವರೆಲ್ಲ ಬೀದಿಯ ಕಡೆಯಿಂದ ಬರುತ್ತಿದ್ದರು. ಈ ಕಡೆಯಿಂದ ಬರುವವರು ಗಿರಾಕಿಗಳು.

"ಇವತ್ತು ಕೆಲಸ ಇಲ್ಲ," ಎಂದಳು ತಲೆ ಎತ್ತದೆ.

"ನಾನು ಬೆಕ್ಕಿನಮ್ಮ, ದಿಕ್ಕಿಲ್ಲದ ಬೆಕ್ಕುಗಳನ್ನ ಸಾಕೋಳು. ಗುರುವಾರ ಹತ್ತಕ್ಕೆ ಅಂತ ಹೇಳಿದ್ರು."

ಬಂದವಳು ಅರವತ್ತರ ದಪ್ಪ ಹೆಂಗಸು. ಮೈತುಂಬ ಕೂದಲು, ತನ್ನದಲ್ಲ. ಕೈಯಲ್ಲಿ ಮುಚ್ಚಳದ ಬುಟ್ಟಿ. ಬುಟ್ಟಿಯನ್ನು ಮೇಜಿನ ಮೇಲಿಟ್ಟು ಉಸಿರು ಬಿಟ್ಟ ಮೇಲೆ ಅವಳಿಗೆ ಪೆಟ್ಟಿಗೆ ಕಾಣಿಸಿತು.

"ಯಾರು?"

"ಅಂಗಡಿಯವರೇ. ಮಂಗಳವಾರ. ಹೃದಯ."

"ಅಯ್ಯಯ್ಯೋ!" ಬೆಕ್ಕಿನಮ್ಮ ಎದೆಗೆ ಕೈ ಇಟ್ಟುಕೊಂಡಳು. "ಪಾಪ! ಊಟ ಮಾಡ್ತಿದೆಯಾ?"

"ಯಾರು?"

"ಬೆಕ್ಕು."

ಇಲ್ಲ ಎಂದು ಇವಳು ತಲೆಯಾಡಿಸಿದಳು. ಬೆಕ್ಕಿನಮ್ಮ ಸೋಫಾದ ಕೆಳಗೆ ಬಗ್ಗಿ ನೋಡಿ, ಬೆಕ್ಕಿಗೆ ಒಂದಿಷ್ಟು ಸಾಂತ್ವನ ಹೇಳಿ, ಮಂಡಿ ಹಿಡಿದುಕೊಂಡು ಎದ್ದಳು. "ನೀವು ಅವರ ಅಕ್ಕ ಅಲ್ವಾ?"

ಅದೇ ಹೊತ್ತಿಗೆ ನಡುಬಾಗಿಲಿನ ಆಚೆಯಿಂದ ಓರಗಿತ್ತಿಯ ಕೂಗು ಬಂತು. "ಅಕ್ಕಾ, ಮುಗೀತಾ? ಎಲ್ಲ ಕೇಳ್ತಿದಾರೆ!"

"ಆಗ್ತಿದೆ," ಎಂದು ಇವಳು ಕೂಗಿದಳು. ಓರಗಿತ್ತಿಯರು ಅಕ್ಕ ಎನ್ನುವುದು ಲೋಕರೂಢಿ. ಬೆಕ್ಕಿನಮ್ಮ ಮಾತ್ರ, ತನ್ನ ಊಹೆ ಸರಿಯಾಯಿತೆಂದು ತಲೆದೂಗಿದಳು.

"ಬೆಕ್ಕು ಕೊಡೋ ಮೊದಲು ಅಂತ ಹೋದ ತಿಂಗಳು ಮನೆ ನೋಡೋಕೆ ಬಂದಿದ್ದೆ. ನೀವು ಇರಲಿಲ್ಲ. ಬಾಗಿಲ ಹತ್ರ ಹೆಂಗಸರ ಚಪ್ಪಲಿ ಕಂಡು ಯಾರದು ಅಂದೆ. ಅಕ್ಕಂದು ಅಂದ್ರು. ಹೆಂಡತಿ ಹೋದ ಮೇಲೆ ನೀವೇ ಬಂದು ಇದೀರಂತೆ, ಅಡುಗೆಗೆ, ಹೊಲಿಗೆಗೆ."

ಸೂಜಿ ಬಟ್ಟೆಯಲ್ಲೇ ನಿಂತಿತು.

"ಹೆಂಡತಿ ಹೋದ ಮೇಲೆ," ಎಂದಳು ಇವಳು.

"ಹೂಂ. ಆರು ವರ್ಷ ಆಯ್ತಂತಲ್ಲ? ಆಕೆ ಹೋದ ವಾರವೇ ಈ ಬೆಕ್ಕು ಬಂತು, ಇದಿಲ್ದಿದ್ರೆ ನಾನೂ ಇರ್ತಿರಲಿಲ್ಲ ಅಂತಿದ್ರು."

ನಾನೇ ಅವನ ಹೆಂಡತಿ ಎಂದು ಹೇಳಲು ಇವಳಿಗೆ ಅರ್ಧ ನಿಮಿಷವೂ ಬೇಕಿರಲಿಲ್ಲ. ಬಾಯಿ ತೆರೆದಳು ಕೂಡ. ಬಂದ ಮಾತು ಬೇರೆ.

"ಹೇಗೆ ಸತ್ಲಂತೆ?"

"ನಿಮಗೆ ಗೊತ್ತಿಲ್ವಾ?"

"ನಾನು ದೂರ ಇದ್ದೆ. ಅವನು ಏನು ಹೇಳಿದ ಅಂತ ಕೇಳ್ದೆ."

"ನಿದ್ದೇಲಂತೆ. ಕಷ್ಟ ಪಡಲಿಲ್ಲ ಅಂದ್ರು."

"ಅಷ್ಟಾದ್ರೂ ಮಾಡಿದ್ನಲ್ಲ," ಎಂದಳು ಇವಳು. ಬೆಕ್ಕಿನಮ್ಮನಿಗೆ ಅರ್ಥವಾಗಲಿಲ್ಲ. ಅವಳು ಬುಟ್ಟಿಯ ಮುಚ್ಚಳ ತೆರೆಯುತ್ತಿದ್ದಳು. ಬೂದು ಬಣ್ಣದ ದೊಡ್ಡ ತಲೆಯೊಂದು ಮೇಲೆ ಬಂತು, ಸುತ್ತ ನೋಡಿತು, ಹೊರಗೆ ಇಳಿಯಿತು, ಇಳಿಯುತ್ತಲೇ ಇತ್ತು, ಬಾಲ ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಐದು ವರ್ಷದ ಹೆಣ್ಣು. ಸಾಕಿದಾಕೆ ತೀರಿಕೊಂಡ ಮೇಲೆ ನಾಲ್ಕು ತಿಂಗಳಿಂದ ಬೆಕ್ಕಿನಮ್ಮನ ಹತ್ತಿರ ಪಂಜರದಲ್ಲಿತ್ತು. ಅವನು ಪ್ರತಿ ಗುರುವಾರ ಬಂದು ಅದರ ಮುಂದೆ ಕೂರುತ್ತಿದ್ದನಂತೆ.

"ಮಾತಾಡ್ತಿದ್ನಾ?"

"ಮಾತಾಡ್ತಿದ್ರಾ ಅಂತೀರಾ! ಅವರನ್ನ ಎಬ್ಬಿಸಿ ಕಳಿಸೋದೇ ಕಷ್ಟ. ಬರೀ ಹೆಂಡತಿ ಮಾತೇ. ಆಕೆ ಹೊಲಿದ್ರೆ ಹೊಲಿಗೆ ಎಲ್ಲಿದೆ ಅಂತ ಹುಡುಕಿದ್ರೂ ಸಿಗ್ತಿರಲಿಲ್ಲ ಅಂತೆ. ಊಟ ಬಡಿಸೋವಾಗ ತಳ ಹಿಡಿದಿದ್ದನ್ನ ತನಗೆ ಹಾಕ್ಕೊಂಡು ಚೆನ್ನಾಗಿರೋದನ್ನ ಇವರಿಗೆ ಹಾಕ್ತಿದ್ರಂತೆ, ಇವರಿಗೆ ಗೊತ್ತಾಗಲ್ಲ ಅಂದ್ಕೊಂಡು. ನನಗೆಲ್ಲಾ ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ ಅಂತ ಅತ್ತರು ನೋಡಿ, ನನ್ನ ಎದುರಿಗೇ."

"ಅತ್ನಾ?"

"ಗಂಡಸರು ಹಾಗೆ ಅಳೋದನ್ನ ನಾನು ಕಂಡಿಲ್ಲ. ಎಷ್ಟು ಮಾತಾಡ್ತಿದ್ಲು, ಈಗ ಮನೆ ಬಿಕೋ ಅನ್ನುತ್ತೆ ಅಂತ."

ಇವಳು ಸ್ಟೂಲಿನ ಮೇಲೆ ಕೂತಳು. ತಳ ಹಿಡಿದ ಅನ್ನದ ಸಂಗತಿ ಅವನಿಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಗೊತ್ತಿದ್ದೂ ಸುಮ್ಮನೆ ಉಂಡಿದ್ದ. ಇವಳಿಗೆ ಆ ಸತ್ತವಳ ಮೇಲೆ ಸಹಿಸಲಾಗದಷ್ಟು ಅಸೂಯೆಯಾಯಿತು. ಎಂಥ ಅದೃಷ್ಟವಂತೆ! ಆಮೇಲೆ, ಅವಳೇ ಅಲ್ಲವೆ ನಾನು, ಎಂದುಕೊಂಡಾಗ ಎದೆಯೊಳಗೆ ಏನೋ ಬೆಚ್ಚಗೆ ಹರಿಯಿತು. ತಡವಾಗಿಯಾದರೂ, ಅಡ್ಡದಾರಿಯಲ್ಲಾದರೂ, ಬಂದು ತಲುಪಿತ್ತು.

ಬೂದು ಬೆಕ್ಕು ಬಂದು ಇವಳ ತೊಡೆಯ ಮೇಲೆ ಹತ್ತಿತು. ಕೇಳಲಿಲ್ಲ, ಹೇಳಲಿಲ್ಲ. ಒಂದು ಸುತ್ತು ತಿರುಗಿ, ಒಂದು ಮಗುವಿನ ಭಾರಕ್ಕೆ ಕೂತು, ಮುಂಗಾಲಿನಿಂದ ಇವಳ ಹೊಟ್ಟೆಯನ್ನು ಮೆಲ್ಲಗೆ ಒತ್ತತೊಡಗಿತು. ಇವಳ ತೊಡೆಯ ಮೇಲೆ ಯಾರೂ ಹಾಗೆ ಕೂತಿರಲಿಲ್ಲ. ಹಳೆಯ ಬೆಕ್ಕು ಸೋಫಾದ ಕೆಳಗಿಂದ ಮೂಗು ಹೊರಗೆ ಹಾಕಿ ನೋಡಿತು. ಮೂರು ದಿನದಲ್ಲಿ ಅದು ತಾನಾಗಿ ಕಿವಿ ನೆಟ್ಟಗೆ ಮಾಡಿದ್ದು ಇದೇ ಮೊದಲು.

"ನೋಡಿ, ನೋಡಿ," ಎಂದು ಬೆಕ್ಕಿನಮ್ಮ ಪಿಸುಗುಟ್ಟಿದಳು. "ಎರಡೂ ಜೊತೆಗಿದ್ರೆ ಬದುಕುತ್ತವೆ. ನೀವು ಹೇಗೂ ಇಲ್ಲೇ ಇರ್ತೀರಲ್ಲ? ಅರ್ಜಿ ಅವರೇ ತುಂಬಿದ್ದು ಇದೆ. ಕೆಳಗೆ ನೀವೊಂದು ಸಹಿ ಹಾಕಿದ್ರೆ ಸಾಕು. ಇವತ್ತೇ ಹೇಳಿಬಿಡಿ, ನನಗೆ ಇದನ್ನ ವಾಪಸ್ಸು ಪಂಜರಕ್ಕೆ ಹಾಕೋ ಶಕ್ತಿ ಇಲ್ಲ."

ಚೀಲದಿಂದ ಕಾಗದ ಬಂತು. ಅವನ ಅಕ್ಷರ. ಮನೆಯಲ್ಲಿರುವವರ ಸಂಖ್ಯೆ ಎಂಬಲ್ಲಿ ಒಂದು ಎಂದು ಬರೆದಿದ್ದ. ಎರಡನೆಯ ಬೆಕ್ಕು ಯಾಕೆ ಬೇಕು ಎಂಬುದಕ್ಕೆ, ಈಗಿರುವ ಬೆಕ್ಕಿಗೆ ನಾನು ಸತ್ತರೆ ಯಾರೂ ಇಲ್ಲ, ಎಂದು ಬರೆದಿದ್ದ.

ಇವಳು ಅದನ್ನೂ ಓದಿದಳು. ಓದಿ ಕ್ಷಮಿಸಿದಳು ಕೂಡ. ಅರ್ಜಿ ಎಂದ ಮೇಲೆ ನಾಲ್ಕು ಸುಳ್ಳು ಇರುತ್ತವೆ. ಮನೆಯವರ ಒಪ್ಪಿಗೆ ಬೇಕು ಎಂದಿರುತ್ತಾರೆ, ಒಪ್ಪಿಗೆ ತಾನು ಕೊಟ್ಟಿರಲಿಲ್ಲ. ಸಾಯಲಿ ಎಂದವಳೂ ತಾನೇ. ಇರಲಿ, ಎರಡೂ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪೆನ್ನು ಕೈಯಲ್ಲಿತ್ತು.

ಆದರೆ ಸಿಹಿ ತಿಂದ ಬಾಯಿ ಇನ್ನೊಂದು ತುತ್ತು ಕೇಳುತ್ತದೆ.

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ?"

"ನಿಮ್ಮ ಬಗ್ಗೆ?" ಬೆಕ್ಕಿನಮ್ಮ ಬೂದು ಬೆಕ್ಕಿನ ಬಾಲ ನೀವಿದಳು. "ಏನಿಲ್ಲ ಬಿಡಿ."

"ಹೇಳಿ. ಸತ್ತವನ ಮಾತು ತಾನೆ."

"ಬೇಜಾರು ಮಾಡ್ಕೋಬೇಡಿ ಮತ್ತೆ. ಅಕ್ಕನ ಒಪ್ಪಿಗೇನೂ ಬೇಕಲ್ವಾ ಅಂತ ನಾನು ಕೇಳಿದೆ. ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದ್ರು." ಅವಳು ಸಣ್ಣಗೆ ನಕ್ಕಳು. "ಅವಳಿಗೆ ಬೇಜಾರಾಗಲ್ವಾ ಅಂದೆ. ಇಲ್ಲ, ಅವಳಿಗೆ ಏನೂ ಅನ್ನಿಸಲ್ಲ, ಮರಗಟ್ಟಿದ ಜೀವ ಅದು, ನನ್ನ ಹೆಂಡತಿ ಇದ್ದ ಜಾಗದಲ್ಲಿ ಕೂತು ಹೊಲಿಯುತ್ತೆ, ಅವಳನ್ನ ನೋಡಿದಾಗೆಲ್ಲ ಹೆಂಡತಿ ಹೋದದ್ದು ನೆನಪಾಗುತ್ತೆ ಅಂದ್ರು."

ಮುಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಅವನ ಲೆಕ್ಕದಲ್ಲಿ ಯಾವುದು ಸುಳ್ಳು ಯಾವುದು ನಿಜ ಎಂದು ಇವಳು ವಿಂಗಡಿಸಲು ಹೋಗಲಿಲ್ಲ. ಅರ್ಜಿಗಾಗಿ ಹೇಳಿದ ಸುಳ್ಳಿಗೆ ಇಷ್ಟೊಂದು ಕುಸುರಿ ಬೇಕಿರಲಿಲ್ಲ. ಅವನು ಅಳುತ್ತಿದ್ದದ್ದು ನಿಜಕ್ಕೂ ಸತ್ತವಳಿಗಾಗಿ. ತಾನು ಆರು ವರ್ಷದಿಂದ ಅವಳ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು.

ಬೂದು ಬೆಕ್ಕನ್ನು ತೊಡೆಯಿಂದ ಎತ್ತಿ ಬುಟ್ಟಿಗೆ ಹಾಕಿದಳು. ಮುಚ್ಚಳ ಮುಚ್ಚಿದಳು. ಅರ್ಜಿಯನ್ನು ನಾಲ್ಕಾಗಿ ಮಡಿಸಿ ಪೆಟ್ಟಿಗೆಯ ತಲೆಯ ಕಡೆ, ಹತ್ತಿಯ ಎರಡು ಪದರಗಳ ನಡುವೆ ಇಟ್ಟಳು. ಮೇಲೆ ಬಟ್ಟೆ ಎಳೆದು ಸರಸರನೆ ಹೊಲಿದಳು.

"ಅಯ್ಯೋ, ಅದು ನಮ್ಮ ಕಾಗದ!"

"ಈ ಮನೇಲಿ ಇನ್ನು ಯಾರೂ ಇರಲ್ಲ," ಎಂದಳು ಇವಳು. "ಹಳೇದನ್ನೂ ತಗೊಂಡು ಹೋಗಿ."

"ನೀವಿರ್ತೀರಲ್ಲ?"

"ನಾನು ಲೆಕ್ಕಕ್ಕಿಲ್ಲ."

"ಅದು ತಮಾಷೆಗೆ ಅಂದಿದ್ದು! ನೋಡಿ, ಹನ್ನೆರಡು ವರ್ಷದ ಬೆಕ್ಕನ್ನ ಯಾರೂ ಒಯ್ಯಲ್ಲ. ನನ್ನಲ್ಲಿ ಜಾಗ ಇಲ್ಲ. ಒಂದು ತಿಂಗಳು ಇಟ್ಕೋತೀನಿ, ಆಮೇಲೆ ಡಾಕ್ಟರ್ ಬಂದು ಕೊನೇ ಸೂಜಿ ಹಾಕ್ತಾರೆ. ನಾನು ಸುಳ್ಳು ಹೇಳಲ್ಲ."

"ಒಂದು ತಿಂಗಳು ಯಾಕೆ?" ಎಂದಳು ಇವಳು. "ಊಟ ಬಿಟ್ಟಿದೆ. ಅಷ್ಟು ದಿನ ಕಾಯೋದು ಬೇಡ."

ಬೆಕ್ಕಿನಮ್ಮ ಅವಳ ಮುಖ ನೋಡಿದಳು. ಮನುಷ್ಯರ ಮುಖವನ್ನು ಅವಳು ಅಷ್ಟು ಹೊತ್ತು ನೋಡುವವಳಲ್ಲ. ಅವರು ಹೇಳಿದ್ದು ಸರಿ, ಮರಗಟ್ಟಿದೆ, ಎಂದುಕೊಂಡಿರಬೇಕು. "ಕೊಡಿ," ಎಂದಳು. "ನಿಮ್ಮ ಹತ್ರ ಬಿಟ್ಟು ಹೋಗೋಕಿಂತ ಅದೇ ಮೇಲು."

ಬುಟ್ಟಿ ಒಂದೇ ಇತ್ತು. ಇವಳು ಗೋಡೆಯ ಮೊಳೆಗೆ ನೇತುಹಾಕಿದ್ದ ಗೋಣಿಚೀಲ ತಂದಳು. ಸೋಫಾದ ಕೆಳಗೆ ಕೈ ಹಾಕಿ ಬಾಲ ಹಿಡಿದು ಎಳೆದಳು. ಬೆಕ್ಕು ನೆಲದ ಹಲಗೆಗೆ ಉಗುರು ಊರಿತು, ಉದ್ದಕ್ಕೂ ಗೀರು ಬಿತ್ತು, ಆದರೂ ಬಂತು. ತಲೆಯ ಕಡೆಯಿಂದ ಚೀಲಕ್ಕೆ ತುರುಕುವಾಗ ಅವಳ ಮುಂಗೈ ಮೊಣಕೈವರೆಗೆ ಸೀಳಿತು. ಅವಳು ಬಿಡಲಿಲ್ಲ. ಮಂಡಿಯಿಂದ ಒತ್ತಿ ಹಿಡಿದು, ಹಲ್ಲಿನಲ್ಲಿ ದಾರ ಕಡಿದು, ಬಾಗಿದ ಸೂಜಿಗೆ ಪೋಣಿಸಿ, ಚೀಲದ ಬಾಯಿ ಹೊಲಿಯತೊಡಗಿದಳು. "ಕಿವಿ, ಕಿವಿ ನೋಡ್ಕೊಳ್ಳಿ," ಎನ್ನುತ್ತಾ ಬೆಕ್ಕಿನಮ್ಮ ಚೀಲದ ಅಂಚು ಹಿಡಿದುಕೊಂಡಳು.

ಆರು ವರ್ಷದಲ್ಲಿ ಆ ಬೆಕ್ಕು ಗಟ್ಟಿಯಾಗಿ ಕೂಗಿದ್ದೇ ಇಲ್ಲ. ಈಗ ಕೂಗಿತು. ಅಷ್ಟು ದೊಡ್ಡ ಮೈಯ ತಳದಿಂದ ದನಿ ಎದ್ದಿತು, ಮೇಲೆ ಹೋಗಿ ಒಡೆಯಿತು, ಇಳಿದು, ಮತ್ತೆ ಎದ್ದಿತು.

ಆಗ ತಾನೆ ಗಾಡಿ ಬಂದಿತ್ತು. ಅದನ್ನು ಹೇಳಲು ಓರಗಿತ್ತಿ ನಡುಬಾಗಿಲವರೆಗೆ ಬಂದಿದ್ದಳು. ದನಿ ಕೇಳಿ ಅವಳ ಕಾಲು ಅಲ್ಲೇ ನಿಂತಿತು. ಬಾಗಿಲು ಒಂದು ಗೇಣು ತೆರೆದಿತ್ತು. ನೋಡುವುದು ಮರ್ಯಾದೆಯಲ್ಲ ಎಂದು ಅವಳು ಮುಖ ತಿರುಗಿಸಿ, ಚಿಲಕ ಹಿಡಿದು ಮೆಲ್ಲಗೆ ಎಳೆದು ಮುಚ್ಚಿದಳು. ಅವಳ ಕಣ್ಣು ತುಂಬಿ ಬಂತು.

"ಅಂತೂ ಅತ್ತರು," ಎಂದಳು ಕೋಣೆಯತ್ತ ತಿರುಗಿ. "ಯಾರೂ ಒಳಗೆ ಹೋಗಬೇಡಿ. ಅಳ್ಲಿ. ಅತ್ತು ಹಗುರಾಗ್ಲಿ."

ಎಲ್ಲರೂ ತಲೆ ತಗ್ಗಿಸಿದರು. ಬೀಗದವನು ಕಣ್ಣೊರೆಸಿಕೊಂಡು, "ಮಾತಿಲ್ದಿದ್ರೂ ಎಂಥ ಪ್ರೀತಿ ನೋಡಿ," ಎಂದ. ಲಿಫ್ಟಿನವನು ಬೀದಿಗೆ ಹೋಗಿ ಗಾಡಿಯವನ ಕಿವಿಯಲ್ಲಿ ಏನೋ ಹೇಳಿದ. ಗಾಡಿಯವನು ಸಭ್ಯಸ್ಥ. ಟೋಪಿ ತೆಗೆದು ಇಂಜಿನ್ ನಿಲ್ಲಿಸಿದ. ಈಗ ಬೀದಿಯ ಆ ತುದಿಯವರೆಗೂ ಚೆನ್ನಾಗಿ ಕೇಳಿಸತೊಡಗಿತು.